ಮೇಯೊದ ಬಾಯ್ಕಾಟ್, ಮಾವಿನಗುಂಡಿಯ ಹೊಸ್ತಿಲು

(ಉಪನ್ಯಾಸದ ಬರಹ ರೂಪ)

ಕೊಳೆರೋಗ ಎಂಬ ಶಬ್ದ ಕೇಳಿದರೆ ಸಾಕು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರ ಮುಖ ಸಣ್ಣದಾಗುತ್ತದೆ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಎಳೆಯ ಕಾಯಿ ಕೊಳೆತು ಮರದ ಬುಡಕ್ಕೆ ಉದುರಿದರೆ ಇಡೀ ವರ್ಷದ ಲೆಕ್ಕಾಚಾರವೇ ತಪ್ಪುತ್ತದೆ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡಿಕೊಂಡರು. ಈಗಿನವರು ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಈ ರೋಗ ತರುವ ಸೂಕ್ಷ್ಮಜೀವಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಫೈಟೊಫ್ತೊರ. ಗ್ರೀಕ್ ಭಾಷೆಯಲ್ಲಿ ಗಿಡಗಳನ್ನು ನಾಶ ಮಾಡುವಂಥದ್ದು ಎಂದು ಅದರ ಅರ್ಥ.

ಇದೇ ಕುಲದ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಇಳಿಯಿತು. ಅಲ್ಲಿಯ ಬಡ ಗೇಣಿದಾರನಿಗೆ ಆಲೂಗಡ್ಡೆ ಎಂದರೆ ಪಲ್ಯದ ತರಕಾರಿಯಲ್ಲ, ಮೂರು ಹೊತ್ತಿನ ಊಟ. ಬೆಳೆ ಒಂದಲ್ಲ, ಹಲವು ವರ್ಷ ಕೊಳೆಯಿತು. ಸುಮಾರು 10 ಲಕ್ಷ ಜನ ಹಸಿವೆಯಿಂದ, ಹಸಿವೆಯ ಬೆನ್ನಿಗೇ ಬಂದ ಜ್ವರಗಳಿಂದ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಸುಮಾರು 81 ಲಕ್ಷವಿದ್ದ ಆ ದ್ವೀಪದ ಜನಸಂಖ್ಯೆ ಇಂದಿಗೂ ಆ ಅಂಕಿಯನ್ನು ಮತ್ತೆ ಮುಟ್ಟಿಲ್ಲ. ಜನ ಸಾಯುತ್ತಿದ್ದಾಗಲೂ ಅಲ್ಲಿಯ ಬಂದರುಗಳಿಂದ ಧಾನ್ಯ, ದನಕರು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಬೆಳೆ ನುಂಗಿದ್ದು ರೋಗ ನಿಜ. ಆದರೆ ಅಷ್ಟೊಂದು ಜನರನ್ನು ಕೊಂದದ್ದು ರೋಗವೊಂದೇ ಅಲ್ಲ. ಗೇಣಿ ಕೊಡಲಾಗದವನನ್ನು ಒಕ್ಕಲೆಬ್ಬಿಸಿ, ಮತ್ತೆ ಬಂದು ಸೇರಬಾರದೆಂದು ಗುಡಿಸಲಿನ ಮಾಡು ಕೆಡವುತ್ತಿದ್ದರು. ನೆಲದ ಒಡೆಯರಲ್ಲಿ ಅನೇಕರು ಆ ನೆಲವನ್ನು ಕಣ್ಣಲ್ಲಿ ಕಂಡವರೂ ಅಲ್ಲ, ಇಂಗ್ಲೆಂಡಿನಲ್ಲಿ ಕುಳಿತು ಗೇಣಿ ಎಣಿಸಿಕೊಂಡವರು.

ಜಗತ್ತಿನ ಇತಿಹಾಸದಲ್ಲಿ ಐರಿಷ್ ಜನರ ಪಾತ್ರವೇನು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಅಮೆರಿಕದ ಅಧ್ಯಕ್ಷರ ಪಟ್ಟಿ, ಕವಿಗಳ ಪಟ್ಟಿ, ಪಾದ್ರಿಗಳ ಪಟ್ಟಿ. ಕನ್ನಡಿಗರಿಗೆ ಇನ್ನೊಂದು ಹೆಸರೂ ಹೊಳೆದೀತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದರು. ಆ ತರುಣ ಕುವೆಂಪು ಆದರು. ಇಂಥ ಉಪಕಾರ ಸಣ್ಣದಲ್ಲ. ಆದರೆ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಐರಿಷರಿಂದ ಬಂದ ಮುಖ್ಯ ವಸ್ತು ಕವಿತೆಯಲ್ಲ, ಒಂದು ಪ್ರಶ್ನೆ. ನೆರೆಯವನ ಜಮೀನು ಜಪ್ತಿಯಾದಾಗ ಅದನ್ನು ಕೊಳ್ಳಲು ಮುಂದೆ ಬಂದವನನ್ನು ಏನು ಮಾಡಬೇಕು?

ಈ ಪ್ರಶ್ನೆಯನ್ನು ಬಹಿರಂಗ ಸಭೆಯಲ್ಲಿ ಹೀಗೇ ಕೇಳಿದವರು ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್, 1880ರ ಸೆಪ್ಟೆಂಬರ್ 19ರಂದು, ಐರ್ಲೆಂಡಿನ ಎನಿಸ್ ಎಂಬ ಪೇಟೆಯಲ್ಲಿ. ಅದಕ್ಕೆ ಹಿನ್ನೆಲೆಯಿದೆ. 1870ರ ದಶಕದ ಕೊನೆಯಲ್ಲಿ ಮತ್ತೆ ಬೆಳೆ ಕೆಟ್ಟಿತು, ಬೆಲೆ ಇಳಿಯಿತು, ಒಕ್ಕಲೆಬ್ಬಿಸುವುದು ಮತ್ತೆ ಜೋರಾಯಿತು. 1879ರ ಅಕ್ಟೋಬರಿನಲ್ಲಿ ಲ್ಯಾಂಡ್ ಲೀಗ್ ಹುಟ್ಟಿತು. ಅದನ್ನು ಕಟ್ಟಿದ ಮೈಕೇಲ್ ಡೇವಿಟ್ ಕ್ಷಾಮದ ಕೂಸು. ಮೇಯೊ ಜಿಲ್ಲೆಯ ಅವರ ಮನೆಯವರನ್ನು ಒಕ್ಕಲೆಬ್ಬಿಸಿದಾಗ ಆತನಿಗೆ ನಾಲ್ಕು ವರ್ಷ. ಇಂಗ್ಲೆಂಡಿನ ಹತ್ತಿ ಗಿರಣಿಯಲ್ಲಿ ಹನ್ನೊಂದನೆಯ ವಯಸ್ಸಿಗೇ ಬಲಗೈ ಕಳೆದುಕೊಂಡವರು. ಪಾರ್ನೆಲ್ ಹಾಗಲ್ಲ, ಅವರೇ ಜಮೀನುದಾರರು, ಪಾರ್ಲಿಮೆಂಟಿನ ಸದಸ್ಯರು. ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿಯುವವನಿಗೆ ಏನು ಮಾಡುವಿರಿ ಎಂದು ಅವರು ಕೇಳಿದಾಗ ಗುಂಪಿನಿಂದ ಬಂದ ಉತ್ತರ, ಗುಂಡಿಕ್ಕಿ ಎಂದು. ಬೇಡ, ಅದಕ್ಕಿಂತ ಒಳ್ಳೆಯ ದಾರಿಯಿದೆ ಎಂದರು ಪಾರ್ನೆಲ್. ರಸ್ತೆಯಲ್ಲಿ ಕಂಡರೆ ಮಾತನಾಡಿಸಬೇಡಿ, ಅಂಗಡಿಯಲ್ಲಿ, ಸಂತೆಯಲ್ಲಿ, ಪ್ರಾರ್ಥನೆಯ ಜಾಗದಲ್ಲಿ ಕೂಡ ಅವನನ್ನು ಒಂಟಿ ಬಿಡಿ ಎಂಬುದು ಅವರ ಮಾತಿನ ತಿರುಳು.

ಮೂರೇ ದಿನಗಳಲ್ಲಿ ಅದು ಪ್ರಯೋಗಕ್ಕೆ ಬಂತು. ಮೇಯೊದಲ್ಲಿ ಲಾರ್ಡ್ ಅರ್ನ್ ಎಂಬ ದೊಡ್ಡ ಜಮೀನುದಾರನ ಪರವಾಗಿ ಗೇಣಿ ವಸೂಲಿ ನೋಡಿಕೊಳ್ಳುತ್ತಿದ್ದವನು ಕ್ಯಾಪ್ಟನ್ ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್. ಗೇಣಿದಾರರು ಶೇ 25ರಷ್ಟು ಕಡಿತ ಕೇಳಿದರು, ಒಡೆಯ ಅಷ್ಟಕ್ಕೆ ಒಪ್ಪಲಿಲ್ಲ. ಒಕ್ಕಲೆಬ್ಬಿಸುವ ನೋಟಿಸು ಹಿಡಿದು ಅಮೀನ ಮನೆಮನೆಗೆ ಹೊರಟ. ಆತನನ್ನು ಮೊದಲು ತಡೆದವರು ಹೆಂಗಸರು. ಕೆಸರು, ಗೊಬ್ಬರ ಎಸೆದು ಓಡಿಸಿದರು. ಮರುದಿನದಿಂದ ಬಾಯ್ಕಾಟನ ಮನೆಯ ಆಳುಗಳು ಕೆಲಸ ಬಿಟ್ಟರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ, ಅಗಸಗಿತ್ತಿ ಬಟ್ಟೆ ಮುಟ್ಟಲಿಲ್ಲ, ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಫಸಲು ಹೊಲದಲ್ಲೇ ನಿಂತಿತು. ಇಲ್ಲಿಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಕೊಯ್ಲಿನ ದಿನಗಳಲ್ಲಿ ಕೊನೆಗೌಡ ಮರ ಹತ್ತಲೊಲ್ಲೆ ಎಂದ ಹಾಗೆ, ಅಡಿಕೆ ಸುಲಿಯಲು ಒಬ್ಬರೂ ಬಾರದ ಹಾಗೆ.

ಬಾಯ್ಕಾಟ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ದೂರು ಬರೆದ. ಅಲ್ಲಿಂದ ಅದು ಸಾಮ್ರಾಜ್ಯದ ಮರ್ಯಾದೆಯ ಪ್ರಶ್ನೆಯಾಯಿತು. ಉತ್ತರದ ಜಿಲ್ಲೆಗಳಿಂದ 50 ಮಂದಿ ಕೂಲಿಗಳು ಬಂದರು, ಅವರ ಕಾವಲಿಗೆ ಸುಮಾರು 1,000 ಸೈನಿಕರು, ಪೊಲೀಸರು ಬಂದರು. ನವೆಂಬರಿನ ಮಳೆಯಲ್ಲಿ ಎರಡು ವಾರ ಆಲೂಗಡ್ಡೆ, ಟರ್ನಿಪ್ ಅಗೆದರು. ಸುಮಾರು 500 ಪೌಂಡ್ ಬೆಲೆಯ ಫಸಲಿಗೆ 10,000 ಪೌಂಡ್ ಖರ್ಚಾಯಿತು ಎಂದು ಆಗಿನವರು ಲೆಕ್ಕ ಹಾಕಿದರು. ಯಾರೂ ಕಲ್ಲು ಬೀಸಲಿಲ್ಲ. ಸೈನ್ಯಕ್ಕೆ ಹೊಡೆಯಲು ಎದುರಾಳಿಯೇ ಇರಲಿಲ್ಲ. ಡಿಸೆಂಬರ್ 1ರಂದು ಕ್ಯಾಪ್ಟನ್ ಐರ್ಲೆಂಡ್ ಬಿಟ್ಟ. ಹೆಸರನ್ನು ಮಾತ್ರ ಅಲ್ಲೇ ಬಿಟ್ಟುಹೋದ. ಊರಿನ ಪಾದ್ರಿ ಫಾದರ್ ಓಮ್ಯಾಲಿ, ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಜೊತೆ ಮಾತನಾಡುತ್ತ, ಈ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ದೊಡ್ಡ ಪದ ನಮ್ಮ ರೈತರ ಬಾಯಿಗೆ ಬಾರದು, ಇವನ ಹೆಸರನ್ನೇ ಇಡೋಣ ಎಂದು ಸೂಚಿಸಿದರಂತೆ. ಕೆಲವೇ ವಾರಗಳಲ್ಲಿ ಪತ್ರಿಕೆಗಳು ಆ ಪದ ಬಳಸತೊಡಗಿದವು. ಮುಂದೆ ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳಿಗೂ ಹೋಯಿತು.

ಭಾರತಕ್ಕೆ ಅದು ದೊಡ್ಡದಾಗಿ ಬಂದದ್ದು 1905ರಲ್ಲಿ, ಬಂಗಾಳ ವಿಭಜನೆಯ ವಿರುದ್ಧ ವಿದೇಶಿ ವಸ್ತುಗಳ ಬಾಯ್ಕಾಟ್ ನಿರ್ಣಯವಾದಾಗ. ಕರ್ನಾಟಕಕ್ಕೆ ಐರಿಷರ ಇನ್ನೊಂದು ಪದವೂ ಬಂತು. 1916ರ ಏಪ್ರಿಲಿನಲ್ಲಿ ಲೋಕಮಾನ್ಯ ತಿಲಕರು ಹೋಂ ರೂಲ್ ಲೀಗ್ ಸ್ಥಾಪಿಸಿದ್ದು ಬೆಳಗಾವಿಯಲ್ಲಿ. ಹೋಂ ರೂಲ್ ಎಂಬ ಘೋಷಣೆ 1870ರ ದಶಕದಿಂದ ಐರಿಷರು ಪಾರ್ಲಿಮೆಂಟಿನಲ್ಲಿ ಎತ್ತಿಹಿಡಿದದ್ದು. 1894ರ ಮದ್ರಾಸ್ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದ ಆಲ್ಫ್ರೆಡ್ ವೆಬ್ ಕೂಡ ಐರಿಷ್ ಸಂಸದರೇ.

ಐರಿಷರೆಲ್ಲ ನಮ್ಮ ಪಕ್ಷದವರೆಂದು ತಿಳಿದರೆ ಮಾತ್ರ ಮೋಸ ಹೋದಂತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸೈನ್ಯದ ಮೇಲ್ವಿಚಾರಣೆ ವಹಿಸಿ, ಶಿರಸಿಗೆ ಹತ್ತಿರದ ಸೋಂದೆ ಸೀಮೆ ಕಂಪನಿಯ ವಶಕ್ಕೆ ಬಂದಾಗ ಅದರ ಬಗ್ಗೆ ಕಲೆಕ್ಟರ್ ಮನ್ರೋಗೆ ಪತ್ರ ಬರೆಯುತ್ತಿದ್ದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನಲ್ಲೇ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಓಡ್ವಾಯರ್ ಊರು ಟಿಪ್ಪರೆರಿ. ಸಾಮ್ರಾಜ್ಯ ಕಟ್ಟಿದವರಲ್ಲೂ ಅವರಿದ್ದರು, ಕೆಡವಿದವರಲ್ಲೂ ಇದ್ದರು.

ಈಗ ಸಿದ್ದಾಪುರಕ್ಕೆ ಬರೋಣ. ಆಗ ಕಾರವಾರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1930ರ ಹೊತ್ತಿಗೆ ಜಗತ್ತಿನ ಮಾರುಕಟ್ಟೆಗಳೆಲ್ಲ ಕುಸಿದಿದ್ದವು, ಅಡಿಕೆ ಬೆಲೆಯೂ ಇಳಿದಿತ್ತು, ಕಂದಾಯ ಮಾತ್ರ ಇಳಿಯಲಿಲ್ಲ. ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಬೆನ್ನಿಗೆ ಕರನಿರಾಕರಣೆ ಬಂತು. ಅಂಕೋಲೆ, ಸಿದ್ದಾಪುರಗಳು ಅದರ ಕೇಂದ್ರಗಳಾದವು, ಶಿರಸಿ ಸೀಮೆಗೂ ಅದು ತಾಗಿತು. 1931ರ ಗಾಂಧಿ–ಇರ್ವಿನ್ ಒಪ್ಪಂದದಿಂದ ಸ್ವಲ್ಪ ಕಾಲ ಬಿಡುವು ಸಿಕ್ಕಿ, 1932ರಲ್ಲಿ ಮತ್ತೆ ಶುರುವಾಯಿತು. ಎರಡನೆಯ ಸಲ ಸರ್ಕಾರ ಕೈ ಬಿಗಿ ಮಾಡಿತು. ಕಂದಾಯ ಕಟ್ಟದವನ ಜಮೀನನ್ನು ಮುಟ್ಟುಗೋಲು ಹಾಕಿ ಮಾರುವ ಅಧಿಕಾರ ಮುಂಬಯಿ ಭೂಕಂದಾಯ ಸಂಹಿತೆಯಲ್ಲೇ ಇತ್ತು. ಆ ಕಾಯ್ದೆಯೂ ಲ್ಯಾಂಡ್ ಲೀಗ್ ಹುಟ್ಟಿದ 1879ರದ್ದೇ ಎಂಬುದು ಕಾಕತಾಳೀಯ. ದನ, ಪಾತ್ರೆ, ಅಡಿಕೆ, ಕೊನೆಗೆ ತೋಟ, ಗದ್ದೆ ಎಲ್ಲ ಹರಾಜಿಗೆ ಬಂದವು. ನೂರಾರು ಕುಟುಂಬಗಳು ಜಮೀನು ಕಳೆದುಕೊಂಡವು. ಗಂಡಸರು ಜೈಲು ಸೇರಿದರು.

ಅಡಿಕೆ ತೋಟ ಒಂದು ವರ್ಷದ ಬೆಳೆಯಲ್ಲ. ಅಜ್ಜ ನೆಟ್ಟ ಮರದಲ್ಲಿ ಮೊಮ್ಮಗ ಕೊನೆ ಇಳಿಸುತ್ತಾನೆ. ಸೊಪ್ಪಿನ ಬೆಟ್ಟದಿಂದ ಹೊತ್ತು ತಂದ ಸೊಪ್ಪು ದಶಕಗಟ್ಟಲೆ ಮಣ್ಣಾಗಿ ತೋಟವಾಗುತ್ತದೆ. ಇಂಥದ್ದು ಮಾಮಲೇದಾರರ ಮುಂದೆ ಕೂಗಿ ಮಾರಾಟವಾಗುವುದೆಂದರೆ ಮನೆಯವರಿಗೆ ಏನೆನಿಸಿರಬೇಕು! ಹರಾಜು ಕೂಗುವವನು ಸರ್ಕಾರದವನೇ ಇರಬಹುದು, ಸವಾಲು ಹಾಕುವವನೊಬ್ಬ ಬೇಕಲ್ಲ? ಅವನಿಲ್ಲದಿದ್ದರೆ ಜಪ್ತಿಗೆ ಅರ್ಥವೇ ಇಲ್ಲ. ಎನಿಸ್ ಪೇಟೆಯ ಪ್ರಶ್ನೆ ಐವತ್ತು ವರ್ಷಗಳ ನಂತರ ಸಿದ್ದಾಪುರದ ಕಾಡಿನೊಳಗಿನ ಮನೆಗಳಿಗೆ ಬಂದು ನಿಂತದ್ದು ಹೀಗೆ.

ಐರ್ಲೆಂಡಿನಲ್ಲೂ ಗಂಡಸರು ಜೈಲಿಗೆ ಹೋದಾಗ ಹೋರಾಟ ಹೆಂಗಸರ ಕೈಗೆ ಬಂದಿತ್ತು. ಪಾರ್ನೆಲ್ ಅವರ ತಂಗಿ ಆನಾ ಪಾರ್ನೆಲ್ 1881ರ ಜನವರಿಯಲ್ಲಿ ಮಹಿಳೆಯರ ಲ್ಯಾಂಡ್ ಲೀಗ್ ಕಟ್ಟಿದರು. ಒಕ್ಕಲೆಬ್ಬಿಸಿದ ಕಡೆಗೆಲ್ಲ ಅವರು ಹೋಗುತ್ತಿದ್ದರು, ಬೀದಿಗೆ ಬಿದ್ದವರಿಗೆ ಮರದ ಗುಡಿಸಲು ಕಟ್ಟಿಸುತ್ತಿದ್ದರು, ಜೈಲಿನಲ್ಲಿದ್ದವರ ಮನೆಗೆ ಹಣ ಮುಟ್ಟಿಸುತ್ತಿದ್ದರು. 1882ರಲ್ಲಿ ಅಣ್ಣ ಸರ್ಕಾರದೊಂದಿಗೆ ರಾಜಿಯಾಗಿ ಜೈಲಿನಿಂದ ಹೊರಬಂದು ಮಾಡಿದ ಕೆಲಸಗಳಲ್ಲಿ ಒಂದು ತಂಗಿಯ ಸಂಘಟನೆಯನ್ನು ಮುಚ್ಚಿಸಿದ್ದು. ಆನಾ ಮತ್ತೆ ಅಣ್ಣನೊಂದಿಗೆ ಮಾತನಾಡಲಿಲ್ಲ. ಆಕೆ ಬರೆದ ಲ್ಯಾಂಡ್ ಲೀಗಿನ ಕಥೆ ಅಚ್ಚಾದದ್ದು 1986ರಲ್ಲಿ, ಆಕೆ ಸತ್ತು 75 ವರ್ಷಗಳಾದ ಮೇಲೆ. ಹೋರಾಟಗಳ ಇತಿಹಾಸ ಬರೆಯುವವರು ಹೆಂಗಸರ ವಿಷಯ ಬಂದಾಗ ಪುಟ ಬೇಗ ತಿರುವುತ್ತಾರೆ. ಈ ಚಾಳಿ ಐರ್ಲೆಂಡಿಗೆ ಮಾತ್ರ ಸೇರಿದ್ದಲ್ಲ.

ಸಿದ್ದಾಪುರದ ಹೆಂಗಸರು ಹಿಡಿದ ದಾರಿ ಬೇರೆ. ಜೋಗಕ್ಕೆ ಹತ್ತಿರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಅವರು ಉಪವಾಸ ಕುಳಿತರು. ಅಡುಗೆಮನೆ, ಕೊಟ್ಟಿಗೆ, ತೋಟ ಬಿಟ್ಟು ಹೊರಗೆ ಹೆಚ್ಚು ಕಾಣಿಸಿಕೊಳ್ಳದ ಮನೆತನಗಳ ಹೆಂಗಸರು ಪರರ ಮನೆಯ ಹೊಸ್ತಿಲೆದುರು ಅನ್ನ ಬಿಟ್ಟು ಕುಳಿತರು. ಮಾತು ಬಿಡುವುದಲ್ಲ, ಎದುರಿಗೇ ಹೋಗಿ ಕೂರುವುದು. ನಿನ್ನ ಬಾಗಿಲಲ್ಲಿ ಹಸಿದಿದ್ದೇವೆ, ನೀನು ಒಳಗೆ ಹೇಗೆ ಉಣ್ಣುತ್ತೀಯ ಎಂದು ಬಾಯಲ್ಲಿ ಹೇಳಬೇಕಾಗಿಯೇ ಇರಲಿಲ್ಲ. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಗಳಿಗೆ ಬಂದರು. ಕುತೂಹಲದ ಸಂಗತಿಯೆಂದರೆ ಜೇಮ್ಸ್ ಕಸಿನ್ಸ್ ಅವರ ಪತ್ನಿ, ಐರ್ಲೆಂಡಿನ ಜೈಲನ್ನೂ ಕಂಡಿದ್ದ ಮಾರ್ಗರೆಟ್ ಕಸಿನ್ಸ್, ಸಿದ್ದಾಪುರದ ಚಳವಳಿ ನಡೆದ ಅದೇ 1932ರಲ್ಲಿ ಸರ್ಕಾರದ ವಿಶೇಷ ಕಾನೂನುಗಳನ್ನು ವಿರೋಧಿಸಿ ಭಾಷಣ ಮಾಡಿ ವೆಲ್ಲೂರು ಜೈಲು ಸೇರಿದರು.

ಹೊಸ್ತಿಲ ಮುಂದಿನ ಈ ಉಪವಾಸ ಗಾಂಧೀಜಿಯಿಂದ ಕಲಿತದ್ದು ಎಂದು ಹೇಳಿ ಸುಮ್ಮನಾಗಬಹುದು. ಆದರೆ ಅದು ಅವರಿಗಿಂತ ಹಳೆಯದು. ಸಾಲ ತೀರಿಸದವನ ಬಾಗಿಲಲ್ಲಿ ಸಾಲ ಕೊಟ್ಟವನು ಊಟ ಬಿಟ್ಟು ಕೂರುವುದಕ್ಕೆ ಧರಣಿ ಎನ್ನುತ್ತಿದ್ದರು. 1860ರ ಭಾರತ ದಂಡ ಸಂಹಿತೆ ಬರೆದವರು ಅದನ್ನು ಅಪರಾಧದ ಪಟ್ಟಿಗೆ ಸೇರಿಸಿದರು. 508ನೇ ಕಲಮಿಗೆ ಕೊಟ್ಟ ಉದಾಹರಣೆಯಲ್ಲಿ ಧರಣಿ ಎಂಬ ಪದವೇ ಇದೆ. ಇನ್ನು ಐರ್ಲೆಂಡಿನ ಹಳೆಯ ಬ್ರೆಹನ್ ಕಾನೂನಿನಲ್ಲಿ, ದೊಡ್ಡ ಮನುಷ್ಯನಿಂದ ಬಾಕಿ ಬರಬೇಕಾದವನು ಮೊದಲು ಅವನ ಮನೆಬಾಗಿಲಲ್ಲಿ ಉಪವಾಸ ಕೂರಬೇಕು ಎಂಬ ನಿಯಮವಿತ್ತು. ಉಪವಾಸ ಕೂತವನಿಗೆ ಉತ್ತರ ಕೊಡದ ಒಡೆಯನಿಗೆ ಮಾನವಿಲ್ಲ. ಭಾರತದಲ್ಲಿ ವೈಸರಾಯ್ ಪರಿಷತ್ತಿನ ಕಾನೂನು ಸದಸ್ಯರಾಗಿದ್ದ ಹೆನ್ರಿ ಮೇನ್ 1875ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಐರ್ಲೆಂಡಿನ ಸಂತ ಪ್ಯಾಟ್ರಿಕ್ ದೇವರಿಂದಲೇ ವರ ಪಡೆಯಲು ಬೆಟ್ಟವೊಂದರ ಮೇಲೆ ಉಪವಾಸ ಕೂತ ಕಥೆಯಿದೆ. ಆ ಬೆಟ್ಟ ಇರುವುದು ಬಾಯ್ಕಾಟ್ ಇದ್ದ ಮೇಯೊ ಜಿಲ್ಲೆಯಲ್ಲೇ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಬಾಯ್ಕಾಟ್ ಎಂಬುದಕ್ಕೆ ಕನ್ನಡದವರು ಸಮಾನ ಪದ ಹುಡುಕಿದಾಗ ಸಿಕ್ಕಿದ್ದು ಬಹಿಷ್ಕಾರ. ಅದು ಜಾತಿ ಪಂಚಾಯತಿಗಳ ಹಳೆಯ ಆಯುಧ. ಕಟ್ಟು ಮುರಿದವನಿಗೆ ಊರಿನ ನೀರು, ಬೆಂಕಿ, ಕ್ಷೌರ, ಅಗಸ ಎಲ್ಲ ನಿಲ್ಲಿಸುವ ಆಯುಧ. ಮೇಯೊದಲ್ಲಿ ಬಡವರು ಬಲಾಢ್ಯನ ಮೇಲೆ ಬಳಸಿದ್ದನ್ನು ಇಲ್ಲಿ ಹೆಚ್ಚಾಗಿ ಬಲಾಢ್ಯರು ಬಡವರ ಮೇಲೆ ಬಳಸಿದ್ದರು. ಸಿದ್ದಾಪುರದ ಚಳವಳಿ ಶುರುವಾದ 1930ರಲ್ಲೇ ಮುಂಬಯಿ ಸರ್ಕಾರಕ್ಕೆ ಸ್ಟಾರ್ಟ್ ಸಮಿತಿಯ ವರದಿ ಬಂತು. ಡಾ. ಅಂಬೇಡ್ಕರ್ ಅದರ ಸದಸ್ಯರಲ್ಲಿ ಒಬ್ಬರು. ಹಕ್ಕು ಕೇಳಿದ ದಲಿತರಿಗೆ ಕೂಲಿ ನಿಲ್ಲಿಸಿ, ಅಂಗಡಿ ಮುಚ್ಚಿಸಿ, ದಾರಿ ಕಟ್ಟಿ ಹಳ್ಳಿಗಳು ಹೇಗೆ ಬಾಯಿ ಮುಚ್ಚಿಸುತ್ತವೆ ಎಂಬುದನ್ನು ಅದು ಬಿಡಿಸಿ ಹೇಳಿತು. ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರಬೇಕೆಂದು ಅಂಬೇಡ್ಕರ್ ಒತ್ತಾಯಿಸಿದರು. ಗಾಂಧೀಜಿಗೂ ಈ ಅಳುಕು ಇತ್ತು. ಎದುರಾಳಿಗೆ ನೀರು, ವೈದ್ಯ, ಕ್ಷೌರಿಕನನ್ನು ತಪ್ಪಿಸುವುದು ಹಿಂಸೆಯೇ ಎಂಬರ್ಥದಲ್ಲಿ ಅವರು 1921ರಲ್ಲೇ ಬರೆದಿದ್ದರು. ಐರ್ಲೆಂಡಿನಲ್ಲೂ ಆಯುಧ ಎಲ್ಲ ಕಡೆ ಪಾರ್ನೆಲ್ ಹೇಳಿದಷ್ಟು ಶುದ್ಧವಾಗಿ ಉಳಿಯಲಿಲ್ಲ, ರಾತ್ರಿ ಹೊತ್ತು ದನಗಳ ಕಾಲು ಕಡಿದ ಪ್ರಕರಣಗಳಿವೆ. ಈ ದೃಷ್ಟಿಯಿಂದ ನೋಡಿದರೆ ಮಾವಿನಗುಂಡಿಯ ದಾರಿಯೇ ಮೇಲು ಎನ್ನಬೇಕು. ಅಲ್ಲಿ ಹಸಿದವರು ಎದುರಾಳಿಯ ಮಕ್ಕಳಲ್ಲ, ಹೋರಾಡಿದವರೇ.

ಎರಡು ಹೋರಾಟಗಳೂ ಒಂದೇ ಎನ್ನುವಂತಿಲ್ಲ. ಮೇಯೊದವರು ಗೇಣಿದಾರರು, ಒಡೆಯರ ವಿರುದ್ಧ ನಿಂತವರು. ಸಿದ್ದಾಪುರದಲ್ಲಿ ಕಂದಾಯ ನಿರಾಕರಿಸಿದವರು ಸ್ವಂತ ತೋಟ, ಜಮೀನಿದ್ದವರು, ಸರ್ಕಾರದ ವಿರುದ್ಧ ನಿಂತವರು. ಅವರ ಕೆಳಗೂ ಗೇಣಿದಾರರಿದ್ದರು, ಕೂಲಿಗಳಿದ್ದರು. ಮೇಯೊದ ನಿಜವಾದ ಜೋಡಿಯನ್ನು ಹುಡುಕಬೇಕಾದರೆ ಗಡಿ ದಾಟಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು. 1951ರ ಏಪ್ರಿಲಿನಲ್ಲಿ, ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಹೊತ್ತಿಕೊಂಡ ಸತ್ಯಾಗ್ರಹ ಅದು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಐರ್ಲೆಂಡಿನಲ್ಲಿ ಸರ್ಕಾರವೇ ಸಾಲ ಕೊಟ್ಟು ಒಡೆಯರಿಂದ ನೆಲ ಕೊಂಡು ಗೇಣಿದಾರರಿಗೆ ದಾಟಿಸುವ ದೊಡ್ಡ ಕಾನೂನು 1903ರಲ್ಲಿ ಬಂತು. ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂಬುದು ಕಾನೂನಾಗಲು 1974ರವರೆಗೆ ಕಾಯಬೇಕಾಯಿತು.

ಕಳೆದುಹೋದ ಜಮೀನುಗಳ ಕಥೆ ಏನಾಯಿತು? ಐರ್ಲೆಂಡಿನಲ್ಲಿ ಹೋರಾಟದ ದಿನಗಳಲ್ಲಿ ಒಕ್ಕಲೆದ್ದವರಿಗೆ ಮತ್ತೆ ನೆಲ ಕೊಡಿಸಲು 1907ರಲ್ಲಿ ಪ್ರತ್ಯೇಕ ಕಾನೂನು ಮಾಡಿದರು. ಅಷ್ಟರಲ್ಲಿ ಅನೇಕರು ತೀರಿಕೊಂಡಿದ್ದರು, ಇಲ್ಲವೇ ಅಮೆರಿಕ ಸೇರಿದ್ದರು. ಸಿದ್ದಾಪುರದವರು ಅಷ್ಟು ಕಾಯಬೇಕಾಗಲಿಲ್ಲ. 1937ರಲ್ಲಿ ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂತು. ಮುಟ್ಟುಗೋಲಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸುವ ಕಾನೂನು 1938ರಲ್ಲಿ ಆಯಿತು. ತೋಟಗಳು ಹಿಂದಿರುಗಿ ಬಂದವು. ಕ್ಯಾಪ್ಟನ್ ಬಾಯ್ಕಾಟ್ ಇಂಗ್ಲೆಂಡಿನ ಸಫೋಕ್‌ನಲ್ಲಿ ಬೇರೊಬ್ಬ ಒಡೆಯನ ಜಮೀನು ನೋಡಿಕೊಂಡಿದ್ದು 1897ರಲ್ಲಿ ತೀರಿಕೊಂಡಿದ್ದ.